ಖಾರ ತಿಂದರೆ ರಕ್ತನಾಳದ ಉರಿಯೂತ ಇಳಿಯುತ್ತದೆಯೇ?

(ಮೈಸೂರಿನಲ್ಲಿ ಸಾರ್ವಜನಿಕರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ತುಂಬಾ ಜನರ ಫೋನಿಗೆ ಒಂದು ಮೆಸೇಜು ಬಂದಿರುತ್ತದೆ. ಹಾರ್ಟ್ ಅಟ್ಯಾಕ್ ಆದವರಿಗೆ ಒಂದು ಚಮಚ ಖಾರದ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿದರೆ ಒಂದೇ ನಿಮಿಷದಲ್ಲಿ ಎದ್ದು ಕೂರುತ್ತಾರೆ ಅಂತ. ಅದು ಸುಳ್ಳು. ಅಂಥ ಹೊತ್ತಿನಲ್ಲಿ ಬಾಯಿಗೆ ಖಾರದ ನೀರು ಹಾಕಿದರೆ ನೆತ್ತಿಗೇರಿ ಉಸಿರು ಕಟ್ಟುವ ಅಪಾಯವೇ ಜಾಸ್ತಿ. ಎದೆ ಹಿಂಡಿದಂತಾಗಿ, ಬೆವರು ಕಿತ್ತುಕೊಂಡು, ನೋವು ಎಡಗೈಗೋ ದವಡೆಗೋ ಹರಡಿದರೆ 108ಕ್ಕೆ ಫೋನ್ ಮಾಡಿ. ಅಡುಗೆಮನೆ ಕಡೆ ಓಡಬೇಡಿ.

ಹಾಗಂತ ಮೆಣಸಿನಕಾಯಿಗೂ ರಕ್ತನಾಳಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೂ ಇಲ್ಲ. ಆ ಸುಳ್ಳಿನ ಪಕ್ಕದಲ್ಲೇ ಒಂದು ನಿಜವಾದ ವಿಜ್ಞಾನ ಇದೆ. ಅದರಲ್ಲಿ ಒಂದಿಷ್ಟು ಕೆಲಸ ನಮ್ಮ ಈ ಮೈಸೂರಿನಲ್ಲೇ ನಡೆದಿದೆ. ಇವತ್ತು ಅದನ್ನೇ ನಿಧಾನವಾಗಿ ನೋಡೋಣ.

ಮೊದಲು ಕಾಯಿಲೆ. ‘ಬ್ಲಾಕ್ ಆಗಿದೆ’ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಪೈಪಿನೊಳಗೆ ಜಿಡ್ಡು ಕಟ್ಟಿಕೊಂಡ ಚಿತ್ರ. ಅದು ಪೂರ್ತಿ ಸರಿಯಲ್ಲ. ಕೊಬ್ಬು ನಾಳದ ಒಳಮೈಗೆ ಹೊರಗಿನಿಂದ ಅಂಟಿಕೊಳ್ಳುವುದಿಲ್ಲ, ಗೋಡೆಯ ಒಳಗೇ ಹೋಗಿ ಕೂರುತ್ತದೆ. ರಕ್ತದಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಜಾಸ್ತಿ ಇದ್ದಾಗ ಅದು ನಾಳದ ತೆಳುವಾದ ಒಳಪದರವನ್ನು ದಾಟಿ ಗೋಡೆ ಸೇರುತ್ತದೆ. ಅಲ್ಲಿ ಆಕ್ಸಿಡೀಕರಣಗೊಂಡು ಕೆಡುತ್ತದೆ. ಕೆಟ್ಟಿದ್ದನ್ನು ತೆಗೆಯಲು ಬಿಳಿ ರಕ್ತಕಣಗಳು ಬರುತ್ತವೆ. ಇವು ಗೋಡೆಯೊಳಗೆ ಮ್ಯಾಕ್ರೋಫೇಜ್‌ಗಳಾಗಿ ಆ ಕೊಬ್ಬನ್ನು ನುಂಗುತ್ತವೆ. ನುಂಗಿ ನುಂಗಿ ಉಬ್ಬಿ, ಅಲ್ಲೇ ಸಾಯುತ್ತವೆ. ಸಾಯುವ ಮೊದಲು ಇನ್ನಷ್ಟು ಕಣಗಳನ್ನು ಕರೆಯುವ ರಾಸಾಯನಿಕಗಳನ್ನು ಬಿಡುತ್ತವೆ. ಹೀಗೆ ವರ್ಷಗಟ್ಟಲೆ ನಡೆಯುತ್ತದೆ. ಇದೇ ಉರಿಯೂತ. ಕಾಲಿಗೆ ಮುಳ್ಳು ಚುಚ್ಚಿ ಕೆಂಪಗೆ ಊದಿಕೊಂಡಾಗ ಆಗುವುದು ಇದೇ ಕೆಲಸ. ಅಲ್ಲಿ ನಾಲ್ಕು ದಿನಕ್ಕೆ ಮುಗಿಯುತ್ತದೆ, ಇಲ್ಲಿ ಮುಗಿಯುವುದೇ ಇಲ್ಲ.

ಆ ಕೊಬ್ಬಿನ ಗುಡ್ಡೆಯ ಮೇಲೆ ದೇಹ ಒಂದು ಪದರ ಕಟ್ಟುತ್ತದೆ. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ಕೆನೆ ದಪ್ಪ ಇದ್ದರೆ ಪಾತ್ರೆ ಅಲುಗಿದರೂ ಒಡೆಯುವುದಿಲ್ಲ, ತೆಳು ಇದ್ದರೆ ಸ್ವಲ್ಪಕ್ಕೇ ಹರಿಯುತ್ತದೆ. ಉರಿಯೂತ ಜೋರಾಗಿರುವ ಕಡೆ ಈ ಪದರ ತೆಳ್ಳಗಾಗುತ್ತದೆ. ಅದು ಹರಿದಾಗ ಒಳಗಿನ ಕೊಬ್ಬು ರಕ್ತಕ್ಕೆ ತಾಗಿ, ಅಲ್ಲಿ ರಕ್ತ ಹೆಪ್ಪುಗಟ್ಟಿ, ನಾಳ ಮುಚ್ಚುತ್ತದೆ. ಎಷ್ಟೋ ಹಾರ್ಟ್ ಅಟ್ಯಾಕ್‌ಗಳು ಆಗುವುದು ಹೀಗೆ. ಅದಕ್ಕೇ ಮೊನ್ನೆ ಮೊನ್ನೆಯವರೆಗೆ ಚೆನ್ನಾಗಿ ಓಡಾಡಿಕೊಂಡಿದ್ದವರು ಹಠಾತ್ತನೆ ಕುಸಿಯುವುದು.

ಈ ತಿಳಿವಳಿಕೆ ಒಂದೇ ದಿನಕ್ಕೆ ಬಂದದ್ದಲ್ಲ. ಜರ್ಮನಿಯ ರುಡಾಲ್ಫ್ ವಿರ್ಚೋ 19ನೇ ಶತಮಾನದಲ್ಲೇ ಇದರಲ್ಲಿ ಉರಿಯೂತದ ಪಾಲಿದೆ ಎಂದಿದ್ದರು. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ಕಾಯಿಲೆ ಬರಿಸಿ ತೋರಿಸಿದರು. ಆಮೇಲೆ ಎಲ್ಲರ ಕಣ್ಣೂ ಕೊಲೆಸ್ಟ್ರಾಲ್ ಮೇಲೆಯೇ. ಉರಿಯೂತದ ಮಾತು ಗಟ್ಟಿಯಾಗಿ ಮತ್ತೆ ಬಂದದ್ದು 1999ರ ಹೊತ್ತಿಗೆ, ಅಮೆರಿಕದ ರಸೆಲ್ ರಾಸ್ ಅವರ ಬರಹದಿಂದ. ಆದರೂ ಅದು ವಾದವೇ ಆಗಿತ್ತು. ಪುರಾವೆ ಸಿಕ್ಕಿದ್ದು 2017ರಲ್ಲಿ. ಒಮ್ಮೆ ಹಾರ್ಟ್ ಅಟ್ಯಾಕ್ ಆಗಿದ್ದ 10,061 ಜನರ ಮೇಲೆ ಕೆನಾಕಿನುಮ್ಯಾಬ್ ಅನ್ನುವ ಇಂಜೆಕ್ಷನ್ ಪರೀಕ್ಷೆ ಮಾಡಿದರು. ಅದು ಕೊಲೆಸ್ಟ್ರಾಲ್ ಇಳಿಸುವುದಿಲ್ಲ, ಬರೀ ಒಂದು ಉರಿಯೂತದ ದಾರಿಯನ್ನು ಮುಚ್ಚುತ್ತದೆ. ಅಷ್ಟಕ್ಕೇ ಮಧ್ಯಮ ಡೋಸ್ ತೆಗೆದುಕೊಂಡವರಲ್ಲಿ ಮತ್ತೆ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಸೇರಿ 15% ಕಡಿಮೆಯಾಯಿತು. ಆದರೆ ಸೋಂಕು ತಗಲಿ ಸತ್ತವರ ಸಂಖ್ಯೆ ಹೆಚ್ಚಿತು. ಉರಿಯೂತ ಅನ್ನುವುದು ನಮ್ಮನ್ನು ಕಾಯುವ ಕೆಲಸವೂ ಹೌದಲ್ವಾ, ಅದನ್ನು ಸುಮ್ನೆ ಆರಿಸಿಬಿಟ್ಟರೆ ಬೇರೆ ಕಡೆ ಬೆಲೆ ಕೊಡಬೇಕಾಗುತ್ತದೆ.

ಇಲ್ಲಿ ಒಂದು ಗಿಡದ ಕತೆ ಹೇಳಬೇಕು. ಮಲೆನಾಡಿನವರಿಗೆ ಗೌರಿ ಹೂವು ಗೊತ್ತು. ಅಗ್ನಿಶಿಖೆ ಅಂತಲೂ ಕರೆಯುತ್ತಾರೆ. ಗೌರಿ ಹಬ್ಬದ ಹೊತ್ತಿಗೆ ಬೇಲಿಯ ಮೇಲೆ ಕೆಂಪು, ಹಳದಿ ಎಸಳು ಮೇಲೆತ್ತಿಕೊಂಡು ಅರಳುತ್ತದೆ. ಗೆಡ್ಡೆಯಿಂದ ಬೀಜದವರೆಗೆ ಪೂರ್ತಿ ವಿಷ. ಆ ವಿಷದಲ್ಲಿರುವ ಕಾಲ್ಚಿಸಿನ್ ಅನ್ನು ಅತಿ ಸಣ್ಣ ಪ್ರಮಾಣದಲ್ಲಿ, ದಿನಕ್ಕೆ 0.5 ಮಿಲಿಗ್ರಾಂ, ಹೃದಯ ರೋಗಿಗಳಿಗೆ ಕೊಟ್ಟು ನೋಡಿದರು. 2019ರ ಪರೀಕ್ಷೆಯಲ್ಲಿ ತೊಂದರೆಗಳು 23% ಇಳಿದವು, 2020ರಲ್ಲಿ ಇನ್ನೊಂದರಲ್ಲಿ 31%. 2023ರಲ್ಲಿ ಅಮೆರಿಕದ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. 2024ರಲ್ಲಿ ಏಳು ಸಾವಿರ ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಮಾತ್ರ ಲಾಭ ಕಾಣಲಿಲ್ಲ. ವಾದ ಇನ್ನೂ ಮುಗಿದಿಲ್ಲ. ನಾನು ಇದನ್ನು ಹೇಳಿದ್ದು ಯಾಕೆ ಅಂದರೆ, ಒಂದು ಗಿಡದ ರಾಸಾಯನಿಕ ರಕ್ತನಾಳದ ಉರಿಯೂತಕ್ಕೆ ಮದ್ದು ಎಂದು ಹೇಳಬೇಕಾದರೆ ಎಷ್ಟು ಕೆಲಸ ಆಗಬೇಕು ಅನ್ನುವುದಕ್ಕೆ ಇದು ಅಳತೆಗೋಲು. ಮೆಣಸಿನಕಾಯಿಯನ್ನೂ ಇದೇ ಅಳತೆಗೋಲಿನಿಂದ ಅಳೆಯೋಣ.

ಮನೆಗೆ ಹೋದಮೇಲೆ ಒಂದು ಹಸಿಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ ನೋಡಿ. ಖಾರ ಬೀಜದಲ್ಲಿದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಖಾರ ತಯಾರಾಗುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಆ ಬಿಳಿ ತಿರುಳಿನಲ್ಲಿ. ಬೀಜಕ್ಕೆ ಅದು ಮೆತ್ತಿಕೊಳ್ಳುತ್ತದೆ ಅಷ್ಟೆ. ಆ ಖಾರದ ಮುಖ್ಯ ಅಂಶ ಕ್ಯಾಪ್ಸೈಸಿನ್. ಕೆಂಪು ಬಣ್ಣ ಕೊಡುವ ಕ್ಯಾಪ್ಸಾಂತಿನ್ ಬೇರೆ. ಬ್ಯಾಡಗಿ ಮೆಣಸಿನಕಾಯಿ ಹೆಸರು ಮಾಡಿರುವುದು ಈ ಎರಡನೆಯದರಿಂದ. ಬಣ್ಣ ಜಾಸ್ತಿ, ಖಾರ ಕಡಿಮೆ. ಇವೆರಡರ ಜೊತೆಗೆ ವಿಟಮಿನ್ ಸಿ, ಕ್ವೆರ್ಸೆಟಿನ್, ಲುಟಿಯೊಲಿನ್ ಎಲ್ಲ ಇವೆ. ಅವಕ್ಕೂ ಉರಿಯೂತ ತಗ್ಗಿಸುವ ಗುಣ ಸ್ವಲ್ಪ ಇದೆ. ಆದರೆ ಅವು ಬೇರೆ ತರಕಾರಿಗಳಲ್ಲೂ ಸಿಗುತ್ತವೆ. ಮೆಣಸಿನಕಾಯಿಗೇ ವಿಶೇಷವಾದದ್ದು ಕ್ಯಾಪ್ಸೈಸಿನ್.

ಅದು ನಾಲಿಗೆಗೆ ತಾಗಿದರೆ ಉರಿಯುವುದು ಯಾಕೆ? ನಮ್ಮ ನೋವಿನ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಅನ್ನುವ ಪ್ರೋಟೀನ್ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತೆರೆದುಕೊಂಡು ನರಕ್ಕೆ ಸುದ್ದಿ ಕಳಿಸುತ್ತದೆ. ಕ್ಯಾಪ್ಸೈಸಿನ್ ಹೋಗಿ ಅದಕ್ಕೆ ಕೂತರೆ ಬಿಸಿಯೇ ಇಲ್ಲದೆ ತೆರೆದುಕೊಳ್ಳುತ್ತದೆ. ಹಾಗಾಗಿ ತಣ್ಣಗಿನ ಚಟ್ನಿಯೂ ಸುಟ್ಟ ಹಾಗೆ ಅನ್ನಿಸುತ್ತದೆ. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯ ಕ್ಯಾಪ್ಸೈಸಿನ್ ಹಿಡಿದುಕೊಂಡೇ ಈ ಪ್ರೋಟೀನನ್ನು ಪತ್ತೆ ಮಾಡಿತು. 2021ರ ನೊಬೆಲ್ ಬಹುಮಾನ ಅವರಿಗೂ ಆರ್ಡೆಮ್ ಪಟಪೌಟಿಯನ್ ಅವರಿಗೂ ಬಂತು.

ಈಗ ಎಲ್ಲರಿಗೂ ಬರುವ ಪ್ರಶ್ನೆ. ಉರಿ ಹುಟ್ಟಿಸುವ ವಸ್ತು ಉರಿಯೂತ ಇಳಿಸುವುದು ಹೇಗೆ? ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗವೇ ಇದು. ಉತ್ತರ ಹೊಳೆದದ್ದು ಹಂಗೇರಿಯ ಸೆಗೆಡ್ ಅನ್ನುವ ಊರಿನಲ್ಲಿ. ನಮಗೆ ಬ್ಯಾಡಗಿ ಹೇಗೋ ಅವರಿಗೆ ಸೆಗೆಡ್ ಹಾಗೆ, ಕೆಂಪು ಮೆಣಸಿನಕಾಯಿಗೆ ಹೆಸರಾದ ಊರು. ಅಲ್ಲಿನ ಮಿಕ್ಲೋಶ್ ಯಾಂಚೋ ಅನ್ನುವ ಔಷಧ ವಿಜ್ಞಾನಿ 1940ರ ದಶಕದಲ್ಲಿ ಪ್ರಾಣಿಗಳಿಗೆ ಮತ್ತೆ ಮತ್ತೆ ಕ್ಯಾಪ್ಸೈಸಿನ್ ಕೊಟ್ಟರು. ಮೊದಲು ಅವು ಒದ್ದಾಡಿದವು. ಆಮೇಲೆ ಖಾರವೇ ತಾಗದಂತಾದವು. ಅಷ್ಟೇ ಅಲ್ಲ, ಅಂಥ ಪ್ರಾಣಿಗಳಿಗೆ ಸಾಸಿವೆ ಎಣ್ಣೆ ಹಚ್ಚಿದರೂ ಚರ್ಮ ಕೆಂಪಾಗಿ ಊದಲಿಲ್ಲ. ಅಂದರೆ ಉರಿಯೂತದ ಒಂದು ಪಾಲನ್ನು ನರಗಳೇ ಹುಟ್ಟಿಸುತ್ತವೆ. ಕ್ಯಾಪ್ಸೈಸಿನ್ ಆ ನರದ ತುದಿಯಲ್ಲಿ ಕೂಡಿಟ್ಟ ಸರಕನ್ನೆಲ್ಲ ಒಮ್ಮೆಗೇ ಹೊರಹಾಕಿಸುತ್ತದೆ. ಆಗ ಉರಿಯುತ್ತದೆ, ಕೆಂಪಾಗುತ್ತದೆ. ಬಳಿಕ ಹೊರಹಾಕಲು ಏನೂ ಉಳಿದಿರುವುದಿಲ್ಲ, ಆ ಪ್ರೋಟೀನ್ ಕೂಡ ಸ್ವಲ್ಪ ಕಾಲ ಮಾತು ಕೇಳುವುದಿಲ್ಲ. ಸರ್ಪಸುತ್ತು ಆದಮೇಲೆ ಉಳಿಯುವ ನರದ ನೋವಿಗೆ 8% ಕ್ಯಾಪ್ಸೈಸಿನ್ ಇರುವ ಪಟ್ಟಿ ಅಂಟಿಸುತ್ತಾರೆ. 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಮದ್ದು ಅದು. ಕೆಲಸ ಮಾಡುವುದು ಇದೇ ತತ್ವದ ಮೇಲೆ.

ಇನ್ನೂ ಒಂದು ವಿಷಯ. ಆ ನರಗಳು ಹೊರಹಾಕುವ ಸರಕಿನಲ್ಲಿ ಸಿಜಿಆರ್‌ಪಿ ಅನ್ನುವುದೊಂದಿದೆ. ಅದು ರಕ್ತನಾಳವನ್ನು ಹಿಗ್ಗಿಸುವುದರಲ್ಲಿ ಬಲು ಗಟ್ಟಿಗ. ಟಿಆರ್‌ಪಿವಿ1 ಬರೀ ನರದಲ್ಲಿ ಮಾತ್ರ ಇಲ್ಲ, ರಕ್ತನಾಳದ ಒಳಪದರದ ಕೋಶಗಳಲ್ಲೂ ಇದೆ. ಅಲ್ಲಿ ಅದು ತೆರೆದುಕೊಂಡರೆ ನೈಟ್ರಿಕ್ ಆಕ್ಸೈಡ್ ತಯಾರಾಗುತ್ತದೆ. ನೈಟ್ರಿಕ್ ಆಕ್ಸೈಡ್ ನಾಳವನ್ನು ಸಡಿಲಿಸುತ್ತದೆ, ಬಿಳಿ ಕಣಗಳು ಗೋಡೆಗೆ ಅಂಟಿಕೊಳ್ಳುವುದನ್ನು ತಡೆಯುತ್ತದೆ.

ಈಗ ನಮ್ಮೂರಿಗೆ ಬರೋಣ. ಚೆಲುವಾಂಬ ವಿಲಾಸ ಅರಮನೆ ಎಲ್ಲರಿಗೂ ಗೊತ್ತು. 1950ರಿಂದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಇರುವುದು ಅಲ್ಲೇ. ಅಲ್ಲಿನ ವಿಜ್ಞಾನಿಗಳು 1980ರ ಹೊತ್ತಿಗೇ ಮೆಣಸಿನಕಾಯಿ ಮತ್ತು ಕ್ಯಾಪ್ಸೈಸಿನ್ ತಿಂದ ಇಲಿಗಳ ಕೊಲೆಸ್ಟ್ರಾಲ್ ಅಳೆಯುತ್ತಿದ್ದರು. 1994ರಲ್ಲಿ ಬಿ. ಆರ್. ಲೋಕೇಶ್ ಅವರ ತಂಡ ಇಲಿಗಳ ಮ್ಯಾಕ್ರೋಫೇಜ್‌ಗಳನ್ನು ತೆಗೆದು ನೋಡಿತು. ಕ್ಯಾಪ್ಸೈಸಿನ್ ಇದ್ದಾಗ ಅವು ಬಿಡುವ ಹಾನಿಕರ ಆಕ್ಸಿಜನ್ ಕಣಗಳು ಕಡಿಮೆಯಾಗಿದ್ದವು. ನಾಳದ ಗೋಡೆಯಲ್ಲಿ ಎಲ್‌ಡಿಎಲ್ ಕೆಡಿಸುವುದು ಇಂಥ ಕಣಗಳೇ. 2006ರಲ್ಲಿ ಕೃಷ್ಣಾಪುರ ಶ್ರೀನಿವಾಸನ್ ಅವರ ತಂಡ ಅದನ್ನೂ ನೇರವಾಗಿ ಪರೀಕ್ಷಿಸಿತು. ಕ್ಯಾಪ್ಸೈಸಿನ್ ಅಥವಾ ಅರಿಶಿನದ ಕರ್ಕ್ಯುಮಿನ್ ಬೆರೆಸಿದ ಆಹಾರ ತಿಂದ ಇಲಿಗಳಲ್ಲಿ ಎಲ್‌ಡಿಎಲ್ ಸುಲಭವಾಗಿ ಕೆಡಲಿಲ್ಲ, ಪಾದಕ್ಕೆ ಊತ ಬರಿಸಿದಾಗ ಊತವೂ ಕಡಿಮೆ ಬಂತು. ಸಾಂಬಾರ ಪದಾರ್ಥಗಳ ಮೇಲೆ ಇಷ್ಟು ತಾಳ್ಮೆಯ ಕೆಲಸ ಮಾಡಿದ ಜಾಗಗಳು ಜಗತ್ತಿನಲ್ಲೇ ಕಡಿಮೆ. ಈ ಊರಿನಲ್ಲಿ ಕೂತು ಅದರ ಬಗ್ಗೆ ಮಾತಾಡುವುದು ನನಗೆ ಹೆಮ್ಮೆ.

ಆಮೇಲಿನ ದೊಡ್ಡ ಹೆಜ್ಜೆ ಚೀನಾದ ಚೊಂಗ್‌ಕಿಂಗ್‌ನಿಂದ ಬಂತು. ಅದೂ ಖಾರದ ಊಟಕ್ಕೆ ಹೆಸರಾದ ಊರೇ. ಅಲ್ಲಿ ಝು ಝಿಮಿಂಗ್ ಅವರ ತಂಡ 2010ರಲ್ಲಿ ಬಿಪಿ ಇರುವ ಇಲಿಗಳಿಗೆ ತಿಂಗಳುಗಟ್ಟಲೆ ಕ್ಯಾಪ್ಸೈಸಿನ್ ತಿನ್ನಿಸಿ ಬಿಪಿ ಇಳಿಸಿತು. 2011ರಲ್ಲಿ ರಕ್ತನಾಳದ ಕಾಯಿಲೆ ತಾನಾಗಿ ಬರುವ ತಳಿಯ ಇಲಿಗಳನ್ನು ತೆಗೆದುಕೊಂಡರು. ಕೊಬ್ಬಿನ ಆಹಾರದ ಜೊತೆ ಕ್ಯಾಪ್ಸೈಸಿನ್ ತಿಂದವುಗಳ ನಾಳದಲ್ಲಿ ಕೊಬ್ಬಿನ ಗುಡ್ಡೆ ಚಿಕ್ಕದಾಗಿತ್ತು. ಆಮೇಲೆ ಅದೇ ತಳಿಯಲ್ಲಿ ಟಿಆರ್‌ಪಿವಿ1 ಇಲ್ಲದ ಇಲಿಗಳನ್ನು ಬೆಳೆಸಿ ಅವಕ್ಕೂ ತಿನ್ನಿಸಿದರು. ಅವುಗಳಲ್ಲಿ ಏನೂ ಪ್ರಯೋಜನ ಕಾಣಲಿಲ್ಲ. ಈ ಎರಡನೇ ಭಾಗವೇ ಮುಖ್ಯ. ಬೀಗವನ್ನೇ ಕಿತ್ತುಹಾಕಿದಮೇಲೆ ಕೀಲಿಗೆ ಕೆಲಸ ಇಲ್ಲವಾಯಿತು ಅಂದರೆ, ಆ ಕೀಲಿ ಕೆಲಸ ಮಾಡುತ್ತಿದ್ದದ್ದು ಆ ಬೀಗದ ಮೇಲೆಯೇ ಎಂದಾಯಿತು.

ಇಲ್ಲಿಯವರೆಗೆ ಕೇಳಿದರೆ ಎಲ್ಲ ಸರಿ ಅನ್ನಿಸುತ್ತದೆ. ಜಾಹೀರಾತಿನವರು ಕತೆ ನಿಲ್ಲಿಸುವುದೂ ಇಲ್ಲೇ. ನಾವು ನಿಲ್ಲಿಸುವುದು ಬೇಡ, ಲೆಕ್ಕ ಹಾಕೋಣ.

ಮೈಸೂರಿನ ಇಲಿಗಳು ತಿಂದದ್ದು 100 ಗ್ರಾಂ ಆಹಾರಕ್ಕೆ 15 ಮಿಲಿಗ್ರಾಂ ಕ್ಯಾಪ್ಸೈಸಿನ್. ನಾವು ದಿನಕ್ಕೆ ತಿನ್ನುವ ಅಕ್ಕಿ, ಬೇಳೆ, ತರಕಾರಿಯಲ್ಲಿ ನೀರು ಬಿಟ್ಟು ಅರ್ಧ ಕೆಜಿ ಅಂತ ಇಟ್ಟುಕೊಳ್ಳಿ. ಅದೇ ಲೆಕ್ಕದಲ್ಲಿ ನಮಗೆ 75 ಮಿಲಿಗ್ರಾಂ ಬೇಕು. ಬ್ಯಾಡಗಿ ಮೆಣಸಿನಕಾಯಿಯ ಖಾರ ಸ್ಕೋವಿಲ್ ಅಳತೆಯಲ್ಲಿ ಸುಮಾರು 8,000ದಿಂದ 15,000. ಶುದ್ಧ ಕ್ಯಾಪ್ಸೈಸಿನ್ 1.6 ಕೋಟಿ. ಭಾಗಿಸಿದರೆ ಒಂದು ಗ್ರಾಂ ಬ್ಯಾಡಗಿ ಪುಡಿಯಲ್ಲಿ ಹೆಚ್ಚೆಂದರೆ ಒಂದು ಮಿಲಿಗ್ರಾಂ. ಅಂದರೆ ಆ ಇಲಿಗಳಿಗೆ ಸಮ ಬರಬೇಕಾದರೆ ನಾವು ದಿನಾ 75 ಗ್ರಾಂಗಿಂತ ಜಾಸ್ತಿ ಪುಡಿ ತಿನ್ನಬೇಕು. ಯಾರಿಂದ ಸಾಧ್ಯ?

ಇದಕ್ಕಿಂತ ದೊಡ್ಡ ಕಂದಕ ಇನ್ನೊಂದಿದೆ. ಕ್ಯಾಪ್ಸೈಸಿನ್ ಮ್ಯಾಕ್ರೋಫೇಜ್‌ಗಳ ಉರಿಯೂತ ಇಳಿಸುತ್ತದೆ, ಎನ್‌ಎಫ್-ಕಪ್ಪಾ-ಬಿ ಅನ್ನುವ ಉರಿಯೂತದ ಮುಖ್ಯ ಸ್ವಿಚ್ಚನ್ನು ತಡೆಯುತ್ತದೆ ಅಂತ ತೋರಿಸಿದ ಎಷ್ಟೋ ಪ್ರಯೋಗಗಳು ಗಾಜಿನ ತಟ್ಟೆಯಲ್ಲಿ ನಡೆದವು. ಅಲ್ಲಿ ಮಿಲಿಲೀಟರಿಗೆ 3,000 ನ್ಯಾನೋಗ್ರಾಂ, ಕೆಲವೊಮ್ಮೆ ಅದರ ಹತ್ತು ಪಟ್ಟು ಹಾಕುತ್ತಾರೆ. ನಿಜವಾದ ಮನುಷ್ಯರ ರಕ್ತದಲ್ಲಿ ಎಷ್ಟಿರುತ್ತದೆ? ಥಾಯ್ಲೆಂಡ್‌ನಲ್ಲಿ 2009ರಲ್ಲಿ ಅಳೆದರು. 5 ಗ್ರಾಂ ಖಾರದ ಮೆಣಸಿನಕಾಯಿ ತಿನ್ನಿಸಿದರು. ಅದರಲ್ಲಿದ್ದ ಕ್ಯಾಪ್ಸೈಸಿನ್ 26.6 ಮಿಲಿಗ್ರಾಂ, ನಮ್ಮ ಬ್ಯಾಡಗಿಗಿಂತ ಐದು ಪಟ್ಟು ಖಾರ. ಸುಮಾರು 47 ನಿಮಿಷಕ್ಕೆ ರಕ್ತದಲ್ಲಿ ಅತಿ ಹೆಚ್ಚು ಸಿಕ್ಕಿದ್ದು ಮಿಲಿಲೀಟರಿಗೆ 2.5 ನ್ಯಾನೋಗ್ರಾಂ. ಇನ್ನು 25 ನಿಮಿಷಕ್ಕೆ ಅದೂ ಅರ್ಧ. ತಟ್ಟೆಯಲ್ಲಿ 3,000, ರಕ್ತದಲ್ಲಿ 2.5. ಸಾವಿರ ಪಟ್ಟಿನ ವ್ಯತ್ಯಾಸ. ಕರುಳಿನಿಂದ ಹೀರಿಕೊಂಡದ್ದನ್ನು ಲಿವರ್ ಅಲ್ಲೇ ಒಡೆದು ಹಾಕುತ್ತದೆ, ಅದಕ್ಕೇ ಹೀಗೆ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಮೆಣಸಿನಕಾಯಿಯಿಂದ ರಕ್ತನಾಳಕ್ಕೆ ಒಳ್ಳೆಯದು ಆಗುತ್ತಿದ್ದರೆ, ಅದು ರಕ್ತದಲ್ಲಿ ತೇಲಿಕೊಂಡು ಹೃದಯದ ನಾಳಕ್ಕೆ ಹೋಗಿ ಅಲ್ಲಿನ ಉರಿಯೂತ ಆರಿಸುವುದರಿಂದ ಅಲ್ಲ. ಅಷ್ಟು ದೂರ ಅದು ಬೇಕಾದಷ್ಟು ಪ್ರಮಾಣದಲ್ಲಿ ತಲುಪುವುದೇ ಇಲ್ಲ. ಅದು ಜೋರಾಗಿ ತಾಗುವುದು ಎರಡೇ ಕಡೆ, ನಾಲಿಗೆಗೆ ಮತ್ತು ಜಠರ, ಕರುಳಿಗೆ. ಹುಡುಕಬೇಕಾದದ್ದು ಅಲ್ಲೇ.

ಕರುಳಿನ ಸುದ್ದಿ ಕುತೂಹಲಕಾರಿ. ಕೊಬ್ಬಿನ ಆಹಾರ ಜಾಸ್ತಿ ತಿಂದಾಗ ಕರುಳಿನ ಗೋಡೆ ಸ್ವಲ್ಪ ಸಡಿಲಾಗಿ, ಬ್ಯಾಕ್ಟೀರಿಯಾಗಳ ಹೊರಪೊರೆಯ ಚೂರುಗಳು ರಕ್ತಕ್ಕೆ ಸೋರುತ್ತವೆ. ಅವು ಮೈಯೆಲ್ಲ ಸಣ್ಣ ಮಟ್ಟದ ಉರಿಯೂತ ಹಬ್ಬಿಸುತ್ತವೆ. 2017ರಲ್ಲಿ ಚೀನಾದ ವಿಜ್ಞಾನಿಗಳು ಇಂಥ ಇಲಿಗಳಿಗೆ ಕ್ಯಾಪ್ಸೈಸಿನ್ ಕೊಟ್ಟಾಗ ಕರುಳಿನ ಗೋಡೆಯನ್ನು ಪೋಷಿಸುವ ಬ್ಯುಟಿರೇಟ್ ಅನ್ನುವ ವಸ್ತುವನ್ನು ತಯಾರಿಸುವ ಒಳ್ಳೆಯ ಬ್ಯಾಕ್ಟೀರಿಯಾ ಹೆಚ್ಚಿ, ಗೋಡೆ ಬಿಗಿಯಾಗಿ, ಸೋರಿಕೆ ಇಳಿಯಿತು. ಇಲ್ಲಿ ರಕ್ತದ ಪ್ರಮಾಣದ ತಕರಾರೇ ಬರುವುದಿಲ್ಲ, ಕ್ಯಾಪ್ಸೈಸಿನ್ ಕೆಲಸ ಮಾಡುವುದು ಕರುಳಿನಲ್ಲೇ ಅಲ್ವಾ.

ನಾಲಿಗೆಯ ಸುದ್ದಿ ನಮಗೆ ಇನ್ನೂ ಹತ್ತಿರದ್ದು. ಅದೇ ಚೊಂಗ್‌ಕಿಂಗ್ ತಂಡ 606 ಜನರನ್ನು ಪರೀಕ್ಷಿಸಿತು. ಖಾರ ಇಷ್ಟಪಡುವವರು, ಖಾರ ಆಗದವರಿಗಿಂತ ದಿನಕ್ಕೆ ಸುಮಾರು 2.5 ಗ್ರಾಂ ಉಪ್ಪು ಕಡಿಮೆ ತಿನ್ನುತ್ತಿದ್ದರು. ಅವರ ಮೇಲಿನ ಬಿಪಿ 8 ಅಂಕ ಕಡಿಮೆ ಇತ್ತು. ಖಾರ ಇದ್ದಾಗ ಮೆದುಳಿಗೆ ಸ್ವಲ್ಪ ಉಪ್ಪೇ ಸಾಕಾದಂತೆ ಅನ್ನಿಸುತ್ತದೆ ಅಂತ ಅವರ ವಿವರಣೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ತಿನ್ನಿ ಅನ್ನುತ್ತದೆ. ಹಾಗಿರುವಾಗ 2.5 ಗ್ರಾಂ ಸಣ್ಣ ಮಾತಲ್ಲ.

ಇನ್ನು ಜನರ ಮೇಲಿನ ದೊಡ್ಡ ಅಧ್ಯಯನಗಳು. ಚೀನಾದಲ್ಲಿ 4,87,375 ಜನರನ್ನು ಏಳು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ವಾರದಲ್ಲಿ ಆರೇಳು ದಿನ ಖಾರ ತಿನ್ನುವವರಲ್ಲಿ, ವಾರಕ್ಕೊಮ್ಮೆಯೂ ತಿನ್ನದವರಿಗಿಂತ ಸಾವು 14% ಕಡಿಮೆ ಇತ್ತು. ಇದು 2015ರ ಸುದ್ದಿ. 2019ರಲ್ಲಿ ಇಟಲಿಯ ಮೊಲಿಸೆ ಪ್ರಾಂತದ 22,811 ಜನರ ಲೆಕ್ಕ ಬಂತು. ವಾರಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಮೆಣಸಿನಕಾಯಿ ತಿನ್ನುವವರಲ್ಲಿ ಹೃದಯ, ರಕ್ತನಾಳದ ಕಾಯಿಲೆಯ ಸಾವು 34% ಕಡಿಮೆ. ಪತ್ರಿಕೆಗಳಲ್ಲಿ ಬಂದದ್ದು ಇಷ್ಟೇ. ಆದರೆ ಇಟಲಿಯವರು ಇನ್ನೊಂದು ಕೆಲಸವನ್ನೂ ಮಾಡಿದ್ದರು. ಈ ಲಾಭಕ್ಕೆ ಕಾರಣ ಏನಿರಬಹುದು ಅಂತ ಕೊಲೆಸ್ಟ್ರಾಲ್, ಉರಿಯೂತ ಮುಂತಾದ ರಕ್ತದ ಗುರುತುಗಳನ್ನು ತಾಳೆ ನೋಡಿದರು. ಅವುಗಳಿಂದ ವಿವರಿಸಲು ಆದದ್ದು ತೀರಾ ಸ್ವಲ್ಪ. ಉರಿಯೂತ ಇಳಿದದ್ದರಿಂದಲೇ ಇಷ್ಟು ಲಾಭ ಅನ್ನುವ ಸರಳ ಕತೆ ಅಲ್ಲಿ ನಿಲ್ಲಲಿಲ್ಲ.

ಇನ್ನೊಂದು ಎಚ್ಚರ. ಇಂಥ ಅಧ್ಯಯನಗಳು ಜೊತೆಗಿರುವುದನ್ನು ತೋರಿಸುತ್ತವೆ, ಕಾರಣವನ್ನಲ್ಲ. ಮೈಯಲ್ಲಿ ಹುಷಾರಿಲ್ಲದವರು, ಹೊಟ್ಟೆ ಕೆಟ್ಟವರು ತಾವಾಗೇ ಖಾರ ಬಿಡುತ್ತಾರೆ. ಆಗ ಖಾರ ತಿನ್ನುವವರ ಗುಂಪಿನಲ್ಲಿ ಗಟ್ಟಿಮುಟ್ಟಾದವರೇ ಉಳಿಯುತ್ತಾರೆ. ಚೀನಾದವರು ಮೊದಲೇ ಹೃದಯದ ಕಾಯಿಲೆ, ಸ್ಟ್ರೋಕ್, ಕ್ಯಾನ್ಸರ್ ಇದ್ದವರನ್ನು ಲೆಕ್ಕದಿಂದ ಬಿಟ್ಟಿದ್ದರು, ಅದು ಒಳ್ಳೆಯದು. ಆದರೂ ಸಂಶಯ ಪೂರ್ತಿ ಹೋಗುವುದಿಲ್ಲ.

ಸಂಶಯ ಹೋಗಲು ಪರೀಕ್ಷೆ ಬೇಕು. ಕೆಲವರಿಗೆ ಕ್ಯಾಪ್ಸೈಸಿನ್, ಕೆಲವರಿಗೆ ಹೆಸರಿಗೆ ಮಾತ್ರ ಕ್ಯಾಪ್ಸೈಸಿನ್, ಯಾರಿಗೆ ಯಾವುದು ಅಂತ ಗೊತ್ತಾಗದ ಹಾಗೆ. 2017ರಲ್ಲಿ ಚೀನಾದಲ್ಲಿ ಅಂಥದೊಂದು ಆಯಿತು. ಒಳ್ಳೆಯ ಕೊಲೆಸ್ಟ್ರಾಲ್ ಕಡಿಮೆ ಇದ್ದ 42 ಜನ, ಮೂರು ತಿಂಗಳು, ದಿನಕ್ಕೆ 4 ಮಿಲಿಗ್ರಾಂ. ಒಳ್ಳೆಯ ಕೊಲೆಸ್ಟ್ರಾಲ್ ಸ್ವಲ್ಪ ಏರಿತು, ಉರಿಯೂತದ ಗುರುತಾದ ಸಿಆರ್‌ಪಿ ಸ್ವಲ್ಪ ಇಳಿಯಿತು. ಗಮನಿಸಿ, 4 ಮಿಲಿಗ್ರಾಂ ಅನ್ನುವುದು ನಮ್ಮ ಮನೆಯ ಸಾರು, ಪಲ್ಯ, ಚಟ್ನಿಯಲ್ಲೇ ಬರಬಹುದಾದ ಪ್ರಮಾಣ. ನನಗೆ ಆಸೆ ಹುಟ್ಟಿಸುವುದು ಈ ಪುಟ್ಟ ಪರೀಕ್ಷೆಯೇ. ಆದರೆ ಇದರಲ್ಲಿ ಇದ್ದದ್ದು 42 ಜನ, ಕಾಲ್ಚಿಸಿನ್ ಪರೀಕ್ಷೆಗಳಲ್ಲಿ ಸಾವಿರಾರು. ಮೆಣಸಿನಕಾಯಿಯಿಂದ ಹಾರ್ಟ್ ಅಟ್ಯಾಕ್ ಕಡಿಮೆಯಾಗುತ್ತದೆ ಅಂತ ಅಂಥ ಪರೀಕ್ಷೆಯಿಂದ ತೋರಿಸಿದವರು ಇನ್ನೂ ಯಾರೂ ಇಲ್ಲ. ಬ್ಯಾಡಗಿ ಬೆಳೆಯುವ ನಾಡಿನಲ್ಲಿ, ಸಿಎಫ್‌ಟಿಆರ್‌ಐ ಇರುವ ನಾಡಿನಲ್ಲಿ ಅಂಥದೊಂದು ನಡೆಯಬೇಕು ಅಂತ ನನ್ನ ಆಸೆ.

ಕೊನೆಗೆ ಹಾನಿಯ ಮಾತು. ಟಿಆರ್‌ಪಿವಿ1 ಸಣ್ಣ ರಕ್ತನಾಳಗಳ ಸ್ನಾಯುವಿನಲ್ಲೂ ಇದೆ. ಅಲ್ಲಿ ಅದು ತೆರೆದುಕೊಂಡರೆ ನಾಳ ಹಿಗ್ಗುವುದಿಲ್ಲ, ಬಿಗಿಯುತ್ತದೆ. ತೂಕ ಇಳಿಸಲು ಖಾರದ ಮಾತ್ರೆ ನುಂಗಿದ 41 ವರ್ಷದ ಒಬ್ಬರಿಗೆ ಹೃದಯದ ನಾಳ ಹಿಂಡಿಕೊಂಡು ಅಟ್ಯಾಕ್ ಆದ ವರದಿ ಟರ್ಕಿಯಿಂದ ಬಂದಿದೆ. ಅತಿ ಖಾರದ ಮೆಣಸಿನಕಾಯಿ ತಿನ್ನುವ ಸ್ಪರ್ಧೆಯ ನಂತರ ಮೆದುಳಿನ ನಾಳಗಳು ಬಿಗಿದು ಸಿಡಿಯುವಂಥ ತಲೆನೋವು ಬಂದ ವರದಿ ಅಮೆರಿಕದಿಂದ. 2023ರಲ್ಲಿ ಅಲ್ಲೇ 14 ವರ್ಷದ ಹುಡುಗನೊಬ್ಬ ಒಂದೇ ಒಂದು ಅತಿ ಖಾರದ ಚಿಪ್ ತಿನ್ನುವ ಸವಾಲಿನ ನಂತರ ತೀರಿಕೊಂಡ. ಅವನಿಗೆ ಹುಟ್ಟಿನಿಂದಲೇ ಹೃದಯದಲ್ಲಿ ದೋಷ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಮಕ್ಕಳು ಇಂಥ ವಿಡಿಯೋ ನೋಡಿ ಮಾಡಲು ಹೊರಟರೆ ದಯವಿಟ್ಟು ತಡೆಯಿರಿ. ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಸಿಗುವ ಖಾರದ ಕ್ಯಾಪ್ಸೂಲ್‌ಗಳನ್ನೂ ನಾನು ಬೇಡ ಅನ್ನುತ್ತೇನೆ. ಅವು ನಾಲಿಗೆಯನ್ನು ತಪ್ಪಿಸಿ ಹೋಗುತ್ತವೆ. ಉಪ್ಪು ಕಡಿಮೆ ಮಾಡುವ ಲಾಭ ಅಲ್ಲಿಗೆ ಹೋಯಿತು. ‘ಇನ್ನು ಸಾಕು’ ಎಂದು ಹೇಳಬೇಕಾದ ನಾಲಿಗೆಗೂ ಸುದ್ದಿ ಸಿಗುವುದಿಲ್ಲ.

ಇನ್ನು ಪ್ರಶ್ನೆಗಳು.

ಹಾವೇರಿ ಕಡೆಯ ಅಜ್ಜಿಯೊಬ್ಬರು ಕೇಳಿದರು: ಹಂಗಾರೆ ಉಪ್ಪಿನಕಾಯಿ, ರಂಜಕ ಜಾಸ್ತಿ ತಿಂದ್ರೆ ಚಲೋನಾ?

ಇಲ್ಲಮ್ಮ. ರಂಜಕದಲ್ಲಿ, ಉಪ್ಪಿನಕಾಯಿಯಲ್ಲಿ ಮೆಣಸಿನಕಾಯಿಯ ಜೊತೆ ಉಪ್ಪು ತುಂಬಾ ಇರುತ್ತದೆ. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ ಕರಿದ ಬಾಳಕದಲ್ಲಿ ಉಪ್ಪೂ ಎಣ್ಣೆಯೂ ಎರಡೂ. ಬಿಪಿ ಏರಿಸುವ ಉಪ್ಪನ್ನು ಹೊತ್ತು ತರುವ ಖಾರದಿಂದ ನಾಳಕ್ಕೆ ಲಾಭ ಇಲ್ಲ. ಅದೇ ಖಾರ ಸೊಪ್ಪಿನ ಸಾರಿನಲ್ಲಿ, ಕಾಳಿನ ಪಲ್ಯದಲ್ಲಿ ಬರಲಿ. ಖಾರ ಹಾಕಿದ ದಿನ ಉಪ್ಪನ್ನು ಸ್ವಲ್ಪ ಕೈಹಿಡಿದು ಹಾಕಿ, ರುಚಿ ಕೆಡುವುದಿಲ್ಲ.

ಒಬ್ಬ ಯುವಕ ಕೇಳಿದ: ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟು ಖಾರ ಜಾಸ್ತಿ ಮಾಡಿದರೆ ಆಗುತ್ತಾ ಸಾರ್?

ಆಗುವುದಿಲ್ಲ. ಕ್ಯಾಪ್ಸೈಸಿನ್ ಎಲ್‌ಡಿಎಲ್ ಇಳಿಸುತ್ತದೆ ಎಂಬುದಕ್ಕೆ ಮನುಷ್ಯರಲ್ಲಿ ಗಟ್ಟಿ ಪುರಾವೆ ಇಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 27 ಜನರಿಗೆ ನಾಲ್ಕು ವಾರ ದಿನಕ್ಕೆ 30 ಗ್ರಾಂ ಮೆಣಸಿನಕಾಯಿ ಕೊಟ್ಟಾಗ ಎಲ್‌ಡಿಎಲ್ ಕೆಡುವ ವೇಗ ತಗ್ಗಿತು, ಪ್ರಮಾಣ ಇಳಿಯಲಿಲ್ಲ. ಸ್ಟ್ಯಾಟಿನ್ ಅನ್ನುವ ಕೊಲೆಸ್ಟ್ರಾಲ್ ಮಾತ್ರೆ ಎಲ್‌ಡಿಎಲ್ ಅನ್ನೂ ಇಳಿಸುತ್ತದೆ, ಸಿಆರ್‌ಪಿಯನ್ನೂ ಇಳಿಸುತ್ತದೆ, ಸಾವನ್ನೂ ತಡೆಯುತ್ತದೆ ಎಂದು ದೊಡ್ಡ ಪರೀಕ್ಷೆಗಳಲ್ಲಿ ಸಾಬೀತಾಗಿದೆ. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಹಿರಿಯರೊಬ್ಬರು: ನನಗೆ ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್ ತಗೋತಿದ್ದೀನಿ. ಖಾರ ಪೂರ್ತಿ ಬಿಡಬೇಕಾ?

ಪೂರ್ತಿ ಬಿಡಬೇಕಾಗಿಲ್ಲ. ಆಸ್ಪಿರಿನ್ ಹೊಟ್ಟೆಯ ಒಳಪದರವನ್ನು ಕೆರೆಯುತ್ತದೆ, ನಿಮ್ಮ ಭಯ ಅದೇ ಇರಬೇಕು. 1995ರಲ್ಲಿ ಸಿಂಗಾಪುರದಲ್ಲಿ 18 ಆರೋಗ್ಯವಂತರ ಮೇಲೆ ಒಂದು ಪ್ರಯೋಗ ಮಾಡಿದ್ದರು. 600 ಮಿಲಿಗ್ರಾಂ ಆಸ್ಪಿರಿನ್ ಕೊಡುವ ಅರ್ಧ ಗಂಟೆ ಮೊದಲು 20 ಗ್ರಾಂ ಮೆಣಸಿನಕಾಯಿ ಕೊಟ್ಟು, ಆಮೇಲೆ ಕೊಳವೆ ಇಳಿಸಿ ಹೊಟ್ಟೆ ನೋಡಿದರು. ಬರೀ ನೀರು ಕುಡಿದಿದ್ದಾಗ ಆದ ಗಾಯಕ್ಕಿಂತ ಮೆಣಸಿನಕಾಯಿ ತಿಂದಾಗ ಆದ ಗಾಯ ಕಡಿಮೆ ಇತ್ತು. ಆಗಲೇ ಹೇಳಿದೆನಲ್ಲ, ಅದೇ ನರಗಳು, ಅದೇ ಸಿಜಿಆರ್‌ಪಿ, ಹೊಟ್ಟೆಯ ಗೋಡೆಗೆ ಹೆಚ್ಚು ರಕ್ತ ಹರಿಸುವುದರಿಂದ ಹೀಗಾಗುತ್ತದೆ ಎಂದು ಹೇಳುತ್ತಾರೆ. ಇದು ಆರೋಗ್ಯವಂತರಲ್ಲಿ ಒಂದು ಡೋಸಿನ ಲೆಕ್ಕ, ದಿನಾ ಮಾತ್ರೆ ನುಂಗುವವರದ್ದಲ್ಲ. ಹಾಗಾಗಿ ಡಾಕ್ಟರು ಗ್ಯಾಸಿನ ಮಾತ್ರೆ ಬರೆದಿದ್ದರೆ ಅದನ್ನು ತೆಗೆದುಕೊಳ್ಳಿ. ಎದೆಯುರಿ ಬರುತ್ತಿದ್ದರೆ ಖಾರ ತಗ್ಗಿಸಿ. ಮಲ ಟಾರಿನ ಹಾಗೆ ಕಪ್ಪಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇದೇನೂ ಇಲ್ಲದಿದ್ದರೆ, ಮನೆಯವರೆಲ್ಲ ತಿನ್ನುವ ಸಾರನ್ನು ನೀವೂ ಊಟ ಮಾಡಿ, ಸಪ್ಪೆಯದನ್ನು ಬೇರೆ ಮಾಡಿಸಿಕೊಳ್ಳಬೇಕಾಗಿಲ್ಲ.